ಮೇಲಿನ ಜಾಗ

ಸತ್ತ ಗಂಡನ ಬಲಗೈಯನ್ನು ಅವನ ಎದೆಯ ಮೇಲಿಟ್ಟು ಬೆರಳು ಹೆಣೆಯುವಷ್ಟರಲ್ಲಿ ಅದು ಮತ್ತೆ ಜಾರಿ ಅವಳ ಮೊಣಕಾಲಿಗೆ ಬಡಿಯಿತು. ಅವಳು ಹಿಂದಕ್ಕೆ ಹಾರಿದ ರಭಸಕ್ಕೆ ಬೇಸಿನ್ ಉರುಳಿ ಮಂಚದ ಕೆಳಗೆಲ್ಲ ನೀರಾಯಿತು.

"ಯಾಕತ್ತಿಗೆ ಹಾಗೆ ಬೆಚ್ಚಿಬೀಳ್ತೀರಿ? ನಮ್ಮಣ್ಣ ತಾನೆ," ಎಂದಳು ನಾದಿನಿ. ಬೆಳಗಿನ ಜಾವ ಜೀವ ಹೋಗಿತ್ತು, ಮೈ ಇನ್ನೂ ಬಿಗಿದಿರಲಿಲ್ಲ. ನಾದಿನಿ ಮೂಗೊರೆಸಿಕೊಂಡು ಆ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. "ಎಂಥಾ ಕೈ ಇದು. ಈ ಕೈಯಲ್ಲಿ ಒಂದು ಗಾಜೂ ಒಡೆದದ್ದಿಲ್ಲ."

ಅವಳು ನೆಲ ಒರೆಸತೊಡಗಿದಳು. ಒರೆಸುವಾಗಲೂ ಬೆನ್ನನ್ನು ಮಂಚದ ಕಡೆಗೆ ಮಾಡಲಿಲ್ಲ. ಎಷ್ಟೋ ವರ್ಷಗಳ ಅಭ್ಯಾಸ ಅದು, ಒಂದು ಬೆಳಗ್ಗೆಗೆ ಬಿಟ್ಟುಹೋಗುವಂಥದ್ದಲ್ಲ.

ಹೊರಗಿನ ಕೋಣೆಯಲ್ಲಿ ಜನ ಸೇರುತ್ತಿದ್ದರು. ಸತ್ತವನನ್ನು ಎಲ್ಲರೂ ಗಾಜಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆ ಬೀದಿಯಲ್ಲಿ ಅವನು ಗಾಜು ಕೂರಿಸದ ಕಿಟಕಿ ಹುಡುಕಿದರೂ ಸಿಗುವಂತಿರಲಿಲ್ಲ.

"ನಮ್ಮ ಅಂಗಡಿ ಕಿಟಕಿ ಬಿರುಗಾಳಿಗೆ ಚೌಕಟ್ಟು ಸಮೇತ ಕಿತ್ತು ಬಂತು ನೋಡಿ," ಎನ್ನುತ್ತಿದ್ದ ಔಷಧಿ ಅಂಗಡಿಯವನು. "ಗೋಡೆ ಹೋಯ್ತು, ಮರ ಹೋಯ್ತು. ಮೇಸ್ತ್ರಿ ಕೂರಿಸಿದ ಗಾಜು ಮಾತ್ರ ನನ್ನನ್ನೇ ನೋಡ್ತಾ ರಸ್ತೆ ಮೇಲೆ ಮಲಗಿತ್ತು."

ಸಾವಿನ ಮನೆಯೆಂಬುದನ್ನು ಮರೆತು ಒಂದಿಬ್ಬರು ನಕ್ಕರು. ಒಬ್ಬ ಮುದುಕಿ ಒಳಗೆ ಇಣುಕಿ, "ಅಳಬೇಡ ಮಗಳೇ, ಮತ್ತೆ ನೋಡ್ತೀಯ ಅವನನ್ನ," ಎಂದಳು. ಅವಳು ಅಳುತ್ತಿರಲಿಲ್ಲ. ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು, ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

*

ಗಾಜು ಕೂರಿಸಿ, ಸುತ್ತ ಪುಟ್ಟಿ ಮೆತ್ತಿದ ಮೇಲೆ ಮೇಸ್ತ್ರಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳಿಗೆ ಆ ಸದ್ದು ಇಷ್ಟವಾಗಿತ್ತು. ಆಮೇಲಾಮೇಲೆ ಅವನು ಸಂಜೆ ಬಂದು ಬಾಗಿಲನ್ನು ಅದೇ ಗೆಣ್ಣಿನಿಂದ ತಟ್ಟುವುದು ಕೇಳಿದರೆ ಸಾರಿನ ಉಪ್ಪು ಮತ್ತೊಮ್ಮೆ ನೋಡುತ್ತಿದ್ದಳು.

ಅವನು ಕುಡಿದವನಲ್ಲ, ಕೂಗಾಡಿದವನಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದ್ದರೆ, ಕೇಳಿದ್ದಕ್ಕೆ ಉತ್ತರ ತಡವಾದರೆ ಮೊದಲು ಕಿಟಕಿಯ ಪರದೆ ಎಳೆಯುತ್ತಿದ್ದ. ಬಟ್ಟೆ ಮುಚ್ಚುವ ಜಾಗ ನೋಡಿಯೇ ಹೊಡೆಯುತ್ತಿದ್ದ. ಒಂದು ಸಲ ಅಳತೆ ತಪ್ಪಿ ಅವಳ ಮಣಿಕಟ್ಟು ಮುರಿಯಿತು. ಮೆಟ್ಟಿಲಿಂದ ಬಿದ್ದೆ ಎಂದಳು ಅವಳು ಆಸ್ಪತ್ರೆಯಲ್ಲಿ. ಪಕ್ಕದಲ್ಲಿ ನಿಂತಿದ್ದ ಅವನು, ಇವಳು ಯಾವಾಗಲೂ ಆತುರ ಎಂದು ಡಾಕ್ಟರಿಗೆ ಹೇಳಿದ. ಮಣಿಕಟ್ಟು ಕೂಡಿಕೊಂಡಿತು, ಆದರೆ ಸೊಟ್ಟಗೆ.

ಚರ್ಚಿನ ದೊಡ್ಡ ಕಿಟಕಿಗೆ ಕೂಲಿ ತೆಗೆದುಕೊಳ್ಳದೆ ಬಣ್ಣದ ಗಾಜು ಕೂರಿಸಿಕೊಟ್ಟ ವರ್ಷ, ಸ್ಮಶಾನದಲ್ಲಿ ಒಳ್ಳೆಯ ಜಾಗ ಅವನ ಪಾಲಿಗೆ ಬಂತು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಉಡುಗೊರೆ ತಂದವನ ಮುಖ ಮಾಡಿ ಹೇಳಿದ: "ಆಳವಾಗಿ ತೋಡ್ತಾರೆ, ಇಬ್ಬರಿಗೂ ಆಗುತ್ತೆ. ಕೆಳಗೆ ನಾನು, ಮೇಲೆ ನೀನು. ಕಡೇ ದಿನ ಸತ್ತವರೆಲ್ಲ ಎದ್ದಾಗ ಮೊದಲು ನಿನ್ನನ್ನೇ ಹಿಡ್ಕೊಂಡು ಏಳ್ತೀನಿ."

ಪ್ರೀತಿಯಿಂದಲೇ ಹೇಳಿದ್ದ. ಅದಕ್ಕೇ ಅವಳು ಎತ್ತಿದ ತುತ್ತನ್ನು ಮತ್ತೆ ತಟ್ಟೆಗಿಟ್ಟಿದ್ದಳು.

*

ಶವಪೆಟ್ಟಿಗೆ ಬರುವುದಿನ್ನೂ ತಡವಿತ್ತು. ಪಾದ್ರಿ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಹೊಸದಾಗಿ ಬಂದ ತರುಣ, ಯಾರಾದರೂ ಪ್ರಶ್ನೆ ಕೇಳಿದರೆ ಮುಖ ಅರಳುತ್ತಿತ್ತು. ಅವಳ ಮಗಳು ಒಲೆಯ ಹತ್ತಿರ ಟೀ ಸೋಸುತ್ತಿದ್ದಳು.

"ಫಾದರ್, ಒಂದು ಕೇಳ್ಲಾ?" ಎಂದಳು ತಾಯಿ. "ಎದ್ದು ಬರೋದು ಅಂತೀರಲ್ಲ, ಅದು ಬರೀ ಆತ್ಮ ತಾನೆ?"

ದೇಹದ ಪುನರುತ್ಥಾನವನ್ನು ನಂಬುತ್ತೇನೆ ಎಂದು ವಾರವಾರವೂ ಎಲ್ಲರ ಜತೆ ಹೇಳಿದವಳೇ ಅವಳು. ಬಾಯಿ ಹೇಳುತ್ತಿತ್ತು, ಮನಸ್ಸು ಅದನ್ನು ಮುಟ್ಟದೆ ಪಕ್ಕಕ್ಕೆ ಸರಿಯುತ್ತಿತ್ತು.

"ಬರೀ ಆತ್ಮ ಅಲ್ಲಮ್ಮ," ಎಂದರು ಪಾದ್ರಿ, ಸ್ಟೂಲು ಹತ್ತಿರಕ್ಕೆಳೆದು. "ಆತ್ಮ ಉಳಿಯುತ್ತೆ ಅಂತ ಪ್ರಭುವಿನ ಶಿಷ್ಯರ ಕಾಲದ ಪಂಡಿತರೂ ಹೇಳ್ತಿದ್ದರು. ದೇಹವೇ ಏಳುತ್ತೆ ಅಂದಾಗ ಮಾತ್ರ ನಮ್ಮವರನ್ನ ನೋಡಿ ನಕ್ಕರು. ಪ್ರಭು ಹುಟ್ಟೋದಕ್ಕೂ ಮೊದಲಿನ ಕತೆಯೊಂದಿದೆ. ಧರ್ಮ ಬಿಡಲ್ಲ ಅಂದ ಯೆಹೂದಿ ಹುಡುಗನೊಬ್ಬನ ಕೈ ಕತ್ತರಿಸೋಕೆ ರಾಜ ಹೊರಟಾಗ, ಅವನೇ ಕೈ ಚಾಚಿದನಂತೆ. ಕೊಟ್ಟ ದೇವರಿಂದಲೇ ಇದನ್ನ ವಾಪಸು ಪಡೀತೀನಿ ಅಂದನಂತೆ."

"ಅದೇ ಕೈನಾ?"

"ಅದೇ ಕೈ. ಆಮೇಲೆ ನಮ್ಮವರನ್ನ ಕೊಂದವರೂ ಇದಕ್ಕೆ ಹೆದರಿದರು. ಎಲ್ಲಿ ಎದ್ದುಬಿಡ್ತಾರೋ ಅಂತ ಹೆಣ ಸುಟ್ಟು, ಬೂದೀನ ಹೊಳೆಗೆ ಸುರಿದರು."

"ಹಾಗೆ ಮಾಡಿದರೆ ಏಳೋದಿಲ್ವಾ?"

"ಅವರು ಹಾಗಂದ್ಕೊಂಡರು," ಪಾದ್ರಿ ನಕ್ಕರು. "ಮಣ್ಣಿಂದ ಮಾಡಿದವನಿಗೆ ಹೊಳೆಯಿಂದ ಬಾಚಿ ತೆಗೆಯೋದು ಕಷ್ಟವಾ ಹೇಳಿ. ಎದ್ದ ಪ್ರಭುವಿನ ಕೈಯಲ್ಲಿ ಮೊಳೆಯ ಗಾಯ ಕೂಡ ಹಾಗೇ ಇತ್ತು. ಧೈರ್ಯವಾಗಿರಿ ಅಮ್ಮ. ಅವರನ್ನ ನೀವು ಮತ್ತೆ ಮುಟ್ಟೇ ಮುಟ್ತೀರಿ."

ಹೊಳೆಗೆ ಸುರಿದರೂ ತಪ್ಪಿದ್ದಲ್ಲ ಎಂದಾಯಿತು. ಅವಳು ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳಲು ನೋಡಿದಳು, ಅದು ಅಷ್ಟು ಉದ್ದವಿರಲಿಲ್ಲ. ಒಲೆಯ ಹತ್ತಿರ ಸೋಸುವ ಸದ್ದು ನಿಂತಿತ್ತು. ಮಗಳು ಖಾಲಿ ಪಾತ್ರೆಯನ್ನು ಬಗ್ಗಿಸಿ ಹಿಡಿದು ತಾಯಿಯನ್ನೇ ನೋಡುತ್ತಿದ್ದಳು.

*

ಕೊನೆಯ ದಿನಗಳಲ್ಲಿ ಮೇಸ್ತ್ರಿಗೆ ಉಸಿರಾಡುವುದೇ ದೊಡ್ಡ ಕೆಲಸವಾಗಿತ್ತು. ಅವಳೇ ಮೈ ಒರೆಸಿದಳು, ಅವಳೇ ಮಗ್ಗುಲು ಬದಲಿಸಿದಳು. ಒಂದು ಮಧ್ಯಾಹ್ನ ಅವನು ಅವಳ ಸೊಟ್ಟ ಮಣಿಕಟ್ಟನ್ನೇ ನೋಡುತ್ತ, "ನಿನಗೆ ಬಹಳ ತೊಂದರೆ ಕೊಟ್ಟೆ," ಎಂದ.

ಅವಳು ಚಮಚ ಹಿಡಿದು ಹಾಗೇ ನಿಂತಳು. ಇನ್ನೊಂದು ಮಾತು ಬರಬಹುದು, ಬಂದರೆ ಏನು ಹೇಳಬೇಕು ಎಂದುಕೊಂಡಳು.

"ಈ ಹಾಸಿಗೆ ಬಟ್ಟೆ ದಿನಾ ಒಗೀಬೇಕಲ್ಲ ನೀನು," ಎಂದು ಅವನು ಕಣ್ಣು ಮುಚ್ಚಿದ.

*

ಗುಂಡಿ ನಿಜಕ್ಕೂ ಆಳವಾಗಿತ್ತು. ಪೆಟ್ಟಿಗೆ ಇಳಿಯಿತು, ಹಗ್ಗಗಳು ಮೇಲೆ ಬಂದವು, ಪಾದ್ರಿ ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ ಮೇಲೆ ಗುಂಡಿ ತೋಡಿದವನು ಅವಳ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ಅರ್ಧ ತುಂಬಿಸಿ ಚಪ್ಪಡಿ ಹಾಸ್ತೀನಮ್ಮ. ಮೇಲಿನ ಜಾಗ ನಿಮ್ಮದು ಅಂತ ಮೇಸ್ತ್ರಿ ಆವತ್ತೇ ಹೇಳಿದ್ರು. ಹಾಸ್ಲಾ?"

ನಾದಿನಿಯೇ ಉತ್ತರ ಕೊಟ್ಟಳು. "ಹಾಸಪ್ಪ, ಅದರಲ್ಲಿ ಕೇಳೋದೇನಿದೆ."

ಅವಳು ಬಗ್ಗಿ ನೋಡಿದಳು. ಪೆಟ್ಟಿಗೆಯ ಮುಚ್ಚಳ ಇನ್ನೂ ಅಲ್ಲಲ್ಲಿ ಕಾಣುತ್ತಿತ್ತು. ಅದರ ಮೇಲೆ ತಾನು, ಬೆನ್ನು ಕೆಳಗೆ ಮಾಡಿ ಮಲಗಿರುವುದು ಕಣ್ಣಿಗೆ ಕಟ್ಟಿತು. ಮಗಳ ತೋಳು ಹಿಡಿದಳು.

"ಬೇಡ," ಎಂದಳು. ಯಾರಿಗೂ ಕೇಳಿಸಲಿಲ್ಲ. ದನಿ ಎತ್ತಿ ಮತ್ತೆ ಹೇಳಿದಳು, "ಚಪ್ಪಡಿ ಬೇಡ. ಪೂರ್ತಿ ಮುಚ್ಚಿಬಿಡಿ."

"ಅತ್ತಿಗೆ, ದುಃಖದಲ್ಲಿ ಏನೇನೋ ಮಾತಾಡ್ತಿದ್ದೀರಿ," ನಾದಿನಿಯ ದನಿ ಏರಿತು. "ಅಣ್ಣ ಪ್ರೀತಿಯಿಂದ ಇಟ್ಟ ಜಾಗ ಅದು. ನಾಲ್ಕು ಜನ ಏನಂದಾರು? ಕಡೇ ದಿನ ಅವನು ಎದ್ದು ನಿಮ್ಮನ್ನೆಲ್ಲಿ ಹುಡುಕಬೇಕು?"

"ಅತ್ತೆ," ಎಂದಳು ಮಗಳು. "ನನ್ನ ಕೋಣೆ, ಅವರ ಕೋಣೆ ಮಧ್ಯೆ ಇದ್ದದ್ದು ಒಂದು ಹಲಗೆ ಗೋಡೆ. ನನಗೆ ಎಲ್ಲಾ ಕೇಳಿಸ್ತಿತ್ತು. ಅಮ್ಮ ಹೇಳಿದ ಹಾಗೆ ಮುಚ್ಚಲಿ."

ನಾದಿನಿ ಗುಂಡಿಯ ಅಂಚಿನಿಂದ ಹಿಂದೆ ಸರಿದಳು. ಔಷಧಿ ಅಂಗಡಿಯವನು ತನ್ನ ಶೂಗಳನ್ನು ನೋಡಿಕೊಂಡ. ಗುಂಡಿ ತೋಡಿದವನು ಸಲಿಕೆ ಎತ್ತಿದ.

ಜನ ಚದುರಿದ ಮೇಲೆ ಪಾದ್ರಿ ಅವಳ ಹತ್ತಿರ ಬಂದರು. ಮುಖದಲ್ಲಿ ಬೆಳಗಿನ ಉತ್ಸಾಹ ಇರಲಿಲ್ಲ. "ಅಮ್ಮ, ನಾನು ತಿಳೀದೆ ಏನೇನೋ ಹೇಳಿಬಿಟ್ಟೆ. ಒಬ್ಬಳು ಹೆಂಗಸು ಏಳು ಜನ ಅಣ್ಣತಮ್ಮಂದಿರನ್ನ ಒಬ್ಬರಾದ ಮೇಲೊಬ್ಬರಂತೆ ಮದುವೆ ಆಗಿದ್ದಳು, ಎದ್ದ ಮೇಲೆ ಯಾರ ಹೆಂಡ್ತಿ ಅಂತ ಪ್ರಭುವನ್ನ ಕೇಳಿದರಲ್ಲ. ಅಲ್ಲಿ ಯಾರೂ ಯಾರ ಹೆಂಡ್ತಿಯೂ ಅಲ್ಲ ಅಂದ ಅವನು. ಹೆದರಬೇಡಿ."

ಅವಳು ಗಂಡನ ಗುಂಡಿಯ ಕಡೆ ನೋಡಿದಳು.

"ಅದನ್ನ ಅವರಿಗೆ ಯಾರು ಹೇಳ್ತಾರೆ ಫಾದರ್?"

ಅವಳು ಗುಂಡಿ ತೋಡಿದವನ ಕಡೆ ತಿರುಗಿದಳು.

"ಇಲ್ಲಿ ಮಲಗಿರೋರೆಲ್ಲ ಯಾವ ಕಡೆ ಮುಖ ಮಾಡಿ ಏಳ್ತಾರಪ್ಪ?"

"ಪೂರ್ವಕ್ಕಮ್ಮ. ಎಲ್ಲರ ಕಾಲೂ ಪೂರ್ವಕ್ಕೇ ಇಟ್ಟಿರೋದು. ಎದ್ದು ಕೂತರೆ ಸೂರ್ಯ ಹುಟ್ಟೋ ಕಡೆ ಮುಖ."

"ಹಾಗಾದರೆ ನನಗೆ ಇವರ ಹಿಂದೆ ಎಲ್ಲಾದ್ರೂ ಜಾಗ ತೋರಿಸು. ದೂರದಲ್ಲಿ."

ಅವನು ಸಲಿಕೆಯಿಂದ ಪಶ್ಚಿಮದ ಗೋಡೆ ತೋರಿಸಿದ. ಅಲ್ಲಿ ಮುಳ್ಳುಗಿಡ ಬೆಳೆದು ಯಾರೂ ಕೇಳದ ಜಾಗವೊಂದಿತ್ತು. ಮಗಳು ಗಿಡಗಳನ್ನು ಕಾಲಿನಿಂದ ಒತ್ತಿ ದಾರಿ ಮಾಡಿದಳು. ಅವಳು ಅಲ್ಲಿ ಹೋಗಿ ನಿಂತು ಪೂರ್ವಕ್ಕೆ ನೋಡಿದಳು. ಸಾಲುಸಾಲು ಗೋರಿಗಳಾಚೆ ಹಸಿಮಣ್ಣಿನ ದಿಬ್ಬ ಚಿಕ್ಕದಾಗಿ ಕಾಣುತ್ತಿತ್ತು. ಅಲ್ಲಿಂದ ಎದ್ದವನ ಬೆನ್ನಷ್ಟೇ ಇಲ್ಲಿಗೆ ಕಂಡೀತು. ಅವನು ತಿರುಗುವವರೆಗೆ.

ಗೋಡೆಯಲ್ಲಿ ಬೀದಿಗೆ ತೆರೆಯುವ ಒಂದು ಸಣ್ಣ ಕಬ್ಬಿಣದ ಬಾಗಿಲಿತ್ತು. ಚಿಲಕ ತುಕ್ಕು ಹಿಡಿದಿತ್ತು. ಅವಳು ದಿಬ್ಬದ ಮೇಲಿಟ್ಟ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿ ತಡಕಾಡಿ, ಸೊಟ್ಟ ಮಣಿಕಟ್ಟಿನ ಕೈಯಿಂದಲೇ ಅದನ್ನು ಎತ್ತಿದಳು. ಬಾಗಿಲು ಕಿರುಗುಟ್ಟಿ ತೆರೆಯಿತು. ಮುಚ್ಚಿದಳು. ಮತ್ತೊಮ್ಮೆ, ಈ ಸಲ ಬೇಗ ಬೇಗ, ತೆರೆದು ನೋಡಿದಳು.