ಪೂರ್ತಿ ಖಾಲಿ

ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಹರಾಜು ಕೂಗಿದವನನ್ನು ಕಟ್ಟಿಕೊಂಡ ಹೆಣ್ಣಿಗೆ ಮನೆಯಲ್ಲಿ ಮಾತಿಗೆ ಬರವೆಂಬುದೇ ಇರುವುದಿಲ್ಲ. ಅವನ ದನಿ ಮೂಟೆಗಳ ಮೇಲಿಂದ ಹಾರಿ, ಲಾರಿಗಳ ಸದ್ದನ್ನು ದಾಟಿ, ಆಚೆ ರಸ್ತೆಯವರ ಕಿವಿಗೂ ಬೀಳುತ್ತಿತ್ತು. ಮಾರುಕಟ್ಟೆಯವರು ಅವನನ್ನು ನಗಾರಿ ಎಂದೇ ಕರೆಯುತ್ತಿದ್ದರು. ಆ ನಗಾರಿಯ ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೊಂದು ತೂತು ಬಿಟ್ಟು ಮನೆಗೆ ಕಳಿಸಿ ಎರಡು ವರ್ಷವಾಗಿತ್ತು.

ಆದರೂ ದನಿ ಮನೆಯಲ್ಲಿತ್ತು. ಆಪರೇಷನ್ನಿಗೆ ಮುಂಚೆ ಏಳು ವಾರ, ಕಂಪ್ಯೂಟರ್ ಟೀಚರಾದ ಅವನ ತಂಗಿ ದಿನಾ ಸಂಜೆ ಮೈಕು ಹಿಡಿದು ಕೂತು, ಅವನಿಂದ ಸಾವಿರದ ಇನ್ನೂರು ವಾಕ್ಯ ಓದಿಸಿದ್ದಳು. ಕೊಟ್ಟದ್ದನ್ನಷ್ಟೇ ಓದಿ ಸುಮ್ಮನಾಗುವ ಜಾತಿಯೇ ಅವನದು? ನಡುನಡುವೆ ಬೈಗುಳ, ಕೆಮ್ಮು, ನಗು ಎಲ್ಲ ಬೆರೆಸಿದ್ದ. ತಂಗಿ ಒಂದನ್ನೂ ತೆಗೆಯಲಿಲ್ಲ. ಅವನ್ನೆಲ್ಲ ಹೊಲಿಗೆ ಹಾಕಿ ಲ್ಯಾಪ್‌ಟಾಪಿಗೆ ತುಂಬಿ ಕೊಟ್ಟಳು. ಈಗ ಅವನು ಏನು ಟೈಪ್ ಮಾಡಿದರೂ ಅದು ಅವನದೇ ದನಿಯಲ್ಲಿ ಮಾತಾಡುತ್ತಿತ್ತು.

ಮಾತಾಡುತ್ತಿತ್ತು ನಿಜ, ಯಾವಾಗ ಎಂದು ಮಾತ್ರ ಕೇಳಬಾರದು. ಗುಂಡಿ ಒತ್ತಿ, ಹಲ್ಲುಜ್ಜಿ, ಮುಖ ತೊಳೆದು ಬಂದರೂ ಆ ಲ್ಯಾಪ್‌ಟಾಪು ಆಕಳಿಸುತ್ತಲೇ ಇರುತ್ತಿತ್ತು. ಒಂದು ದಿನ ಗಂಡಹೆಂಡಿರಿಗೆ ಕಿಟಕಿಯ ವಿಷಯಕ್ಕೆ ಜಗಳವಾಯಿತು.

"ನಿಮಗೆ ಚಳಿನೂ ಗೊತ್ತಾಗಲ್ಲ, ಸೆಖೆನೂ ಗೊತ್ತಾಗಲ್ಲ. ದಪ್ಪ ಚರ್ಮ ಕಣ್ರೀ ನಿಮ್ದು!" ಎಂದವಳೇ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಸೋಫಾ ಕವರು ಹೊಲಿಯುವುದು ಅವಳ ಕಸುಬು. ಒಂದು ಮಗ್ಗುಲು ಪೂರ್ತಿ ಹೊಲಿದು ದಾರ ಕಡಿಯುವ ಹೊತ್ತಿಗೆ ಬೆನ್ನ ಹಿಂದಿನಿಂದ ಮಾತು ಬಂತು: "ದಪ್ಪ ಚರ್ಮ ಇಲ್ದಿದ್ರೆ ನಿನ್ನ ಜೊತೆ ಇಷ್ಟು ವರ್ಷ ಬಾಳೋಕಾಗ್ತಿತ್ತೇನೇ?"

ಅವಳಿಗೆ ನಗು ಬಂತು. ತಿರುಗಿ ನೋಡಿದರೆ ಅವನು ನಗುತ್ತಿರಲಿಲ್ಲ. ಊಟವಾದ ಮೇಲೆ ಉಪ್ಪು ಬಡಿಸಿದವನ ಹಾಗೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ. ಬಂದವರೆದುರೂ ಹೀಗೇ ಆಗುತ್ತಿತ್ತು. ಅವನ ಚಟಾಕಿ ಹಾರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿರುತ್ತಿದ್ದರು. ಬರಬರುತ್ತ ಅವನು ಟೈಪ್ ಮಾಡುವುದನ್ನೇ ಬಿಟ್ಟ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿಗೆ ಹೊರಟದ್ದು ಅದಕ್ಕೆ.

ರಿಪೇರಿ ಅಂಗಡಿ ಎರಡು ಕಟ್ಟಡಗಳ ಸಂದಿಗೆ ಸಿಕ್ಕಿಸಿದಷ್ಟು ಇಕ್ಕಟ್ಟಾಗಿತ್ತು. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡಿದ್ದ ರಿಪೇರಿಯಾಕೆ ಹಿಂದಿನ ಮುಚ್ಚಳ ಬಿಚ್ಚಿ, ಒಂದೊಂದು ತಿರುಪನ್ನೂ ಕಾಗದದ ಮೇಲೆ ಅದು ಇದ್ದ ಜಾಗಕ್ಕೆ ಸರಿಯಾಗಿ ಇಟ್ಟಳು. ಕೆಲಸ ಬಲ್ಲ ಕೈ ಎಂದು ಇವಳಿಗೆ ಸಮಾಧಾನವಾಯಿತು.

"ಇದ್ರೊಳಗಿರೋದು ಹಳೇ ಡಿಸ್ಕು ಅಮ್ಮ. ಚಕ್ರ ತಿರುಗಿಸ್ಕೊಂಡು ಹುಡುಕತ್ತೆ, ಅದಕ್ಕೇ ಏದುಸಿರು. ಎಸ್‌ಎಸ್‌ಡಿ ಅಂತ ಹೊಸ ಥರದ್ದು ಹಾಕ್ತೀನಿ. ಅದ್ರಲ್ಲಿ ಚಕ್ರ ಇಲ್ಲ, ಗಿರಕಿ ಇಲ್ಲ, ಕರೆದ ತಕ್ಷಣ ಏಳತ್ತೆ."

"ಹಾಗಾದ್ರೆ ಅದು ಗಂಡಸಲ್ಲ ಬಿಡಿ."

ಇಬ್ಬರೂ ನಕ್ಕರು. ರಿಪೇರಿಯಾಕೆ ಚೀಟಿ ಬರೆಯುತ್ತ ಕೇಳಿದಳು, "ಹಳೇದನ್ನೇನ್ಮಾಡ್ಲಿ?"

"ಪೂರ್ತಿ ಖಾಲಿ ಮಾಡ್ಕೊಡಿ. ಒಂದು ಚೂರೂ ಉಳೀಬಾರದು."

"ಪೂರ್ತಿ? ಯೋಚ್ನೆ ಮಾಡಿ ಹೇಳ್ತಿದ್ದೀರಲ್ಲ?"

"ಹನ್ನೊಂದು ಸಲ ಖಾಲಿ ಮಾಡಿದವಳಮ್ಮ ನಾನು. ಅರ್ಧಂಬರ್ಧ ಕೆಲಸ ನನಗಾಗಲ್ಲ."

"ಓಹೋ, ಗೊತ್ತಿರೋರೇ!" ಎಂದು ರಿಪೇರಿಯಾಕೆ 'ಹಳೆಯದು ಪೂರ್ತಿ ಖಾಲಿ' ಎಂದು ಬರೆದು ಚೀಟಿಯನ್ನು ಮುಂದೆ ಸರಿಸಿದಳು. ಇವಳು ಅದನ್ನು ಓದಿ, ನಿಧಾನವಾಗಿ, ಅಕ್ಷರ ಕೆಡದಂತೆ ಸಹಿ ಹಾಕಿದಳು.

ರಿಪೇರಿಗೆ ಹಿಡಿದ ಎರಡು ದಿನ ಮನೆಯಲ್ಲಿ ಅವನು ನೋಟುಪುಸ್ತಕದಲ್ಲಿ ಬರೆದದ್ದೇ ಬರೆದದ್ದು. ಮೇಲಿನ ಮನೆಯವಳಿಗೆ ಏನು ಹೇಳಬೇಕು, ಭಾವಮೈದುನನ ಬಾಯಿ ಹೇಗೆ ಮುಚ್ಚಿಸಬೇಕು, ಎಲ್ಲ. ಮೂರನೆಯ ದಿನ ಅವಳು ಅಂಗಡಿಗೆ ಹೊರಟಾಗ ಗಡ್ಡ ಬೋಳಿಸುತ್ತ ಕೂತಿದ್ದ.

ಲ್ಯಾಪ್‌ಟಾಪು ಅಂಗಡಿಯ ಮೇಜಿನ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಎದ್ದಿತು. ಪರದೆಯ ತುಂಬ ಬರೀ ನೀಲಿ. ಅವಳು ಆ ನೀಲಿಯನ್ನು ಒಂದು ಗಳಿಗೆ ನೋಡಿದಳು.

"ಇವರ ದನಿ ಎಲ್ಲಿದೆ ಇದ್ರಲ್ಲಿ?"

"ಯಾವ ದನಿ?"

"ನಮ್ಮನೆಯವರದ್ದು. ಹಳೇದ್ರಲ್ಲಿತ್ತಲ್ಲ, ಇದಕ್ಕೆ ಹಾಕಿದ್ದೀರಲ್ಲ?"

ರಿಪೇರಿಯಾಕೆ ಭೂತಗನ್ನಡಿಯನ್ನು ಹಣೆಯಿಂದ ಇಳಿಸಿದಳು. "ಖಾಲಿ ಮಾಡಿ ಅಂದ್ರಲ್ಲಮ್ಮ."

"ಹೌದು, ಖಾಲಿ ಮಾಡಿ ಅಂದೆ!"

ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದವಳು ಅವಳು. ಹನ್ನೊಂದು ಮನೆ ಖಾಲಿ ಮಾಡಿದ್ದಳು. ಖಾಲಿ ಮಾಡುವುದೆಂದರೆ ಗೋಡೆಯ ಮೊಳೆ, ಪರದೆಯ ತಂತಿ, ಮೂಲೆಯ ಪೊರಕೆ ಒಂದನ್ನೂ ಬಿಡದೆ ಹೊತ್ತು ಹೊಸ ಮನೆಗೆ ಸೇರಿಸುವುದು. ಒಂದು ಕಡೆ ಖಾಲಿಯಾದದ್ದು ಇನ್ನೊಂದು ಕಡೆ ತುಂಬದೆ ಎಲ್ಲಿಗೆ ಹೋದೀತು? ರಿಪೇರಿಯಾಕೆಯ ಕಸುಬಿನಲ್ಲಿ ಅದೇ ಮಾತಿಗೆ ಒರೆಸಿ ಹಾಕುವುದು ಎಂದರ್ಥ.

"ಬರೀ ಅಳಿಸಿದ್ರೆ ಹೇಗಾದ್ರೂ ವಾಪಸ್ ತರಬಹುದಿತ್ತಮ್ಮ," ರಿಪೇರಿಯಾಕೆಯ ದನಿ ಇಳಿದಿತ್ತು. "ಒಂದು ಚೂರೂ ಉಳೀಬಾರದು ಅಂದ್ರಿ. ಮೂಲೆ ಮೂಲೆಗೂ, ಇದ್ದಿದ್ರ ಮೇಲೇ ಸೊನ್ನೆ ಬರೆದೆ. ಎರಡು ಸಲ."

ಹಳೆಯ ಡಿಸ್ಕನ್ನು ಅವಳ ಅಂಗೈಗಿಟ್ಟಳು. ಅದು ತೂಕವಾಗಿಯೇ ಇತ್ತು. ಬೈಯೋಣವೆಂದರೆ ಆಕೆ ಹೇಳಿದ್ದನ್ನೇ ಮಾಡಿದ್ದಳು, ಅದೂ ಶ್ರದ್ಧೆಯಿಂದ. ಚೀಟಿಯ ಕೆಳಗೆ ತನ್ನದೇ ಸಹಿ, ಗುಂಡಗೆ.

ಬೀದಿಯಲ್ಲೇ ನಿಂತು ನಾದಿನಿಗೆ ಫೋನು ಮಾಡಿದಳು. "ನಿನ್ನ ಹತ್ರ ಇನ್ನೊಂದು ಕಾಪಿ ಇದೆಯಲ್ವೇನೇ?"

"ಇಲ್ಲ ಅತ್ತಿಗೆ. ಅಣ್ಣನೇ ಬೇಡ ಅಂದ. 'ಇದ್ದಿದ್ದು ಒಂದು ಗಂಟಲು, ದನಿ ಯಾಕೆ ಎರಡು ಕಡೆ' ಅಂದ. ನಾನೂ ನಗ್ತಾ ನಗ್ತಾ ಅಳಿಸಿಬಿಟ್ಟೆ." ಆಮೇಲೆ, "ಯಾಕೆ ಅತ್ತಿಗೆ?" ಹೇಳಿದ್ದಾಯಿತು. ನಾದಿನಿ ಫೋನು ತಡಕಾಡಿ ಅಂದಳು, "ನನ್ನ ಫೋನಲ್ಲಿ ಒಂದು ವಿಡಿಯೋ ಇದೆ. ಮಾರ್ಕೆಟ್ಟಿಂದು. ಬರೀ ಗದ್ದಲ, ಅದ್ರಲ್ಲಿ ಅಣ್ಣನ ದನಿ ಯಾವ್ದು ಅಂತ... ಅಣ್ಣಂಗೆ ಹೇಳಿದ್ರಾ?"

ಹೇಳಿರಲಿಲ್ಲ. ಮನೆಗೆ ಬಂದು ಹೇಳಲು ಬಾಯಿ ತೆರೆಯುವ ಮೊದಲೇ ಅವನು ಲ್ಯಾಪ್‌ಟಾಪನ್ನು ಕಿತ್ತುಕೊಂಡು, ಗುಂಡಿ ಒತ್ತಿ, ಅದು ಎದ್ದ ವೇಗಕ್ಕೆ ಹುಬ್ಬು ಹಾರಿಸಿ ಬೆರಳಾಡಿಸಿದ.

"ನೋಡಿದ್ಯಾ, ಇನ್ಮೇಲೆ ನಿನ್ನ ಆಟ ನಡೆಯಲ್ಲ," ಎಂದಿತು ಲ್ಯಾಪ್‌ಟಾಪು, ತಕ್ಷಣ. ವಾರ್ತೆ ಓದುವವನಂಥ, ಮೂವತ್ತೂ ತುಂಬದ ಯಾವನದೋ ನಯವಾದ ದನಿ. ಯಂತ್ರದ ಜೊತೆಗೇ ಬಂದದ್ದು.

ಅವನ ಬೆರಳು ನಿಂತಿತು.

ಅವಳು ಹೇಳಿದಳು. ಚೀಟಿ, ಸಹಿ, ಸೊನ್ನೆ, ಒಂದೂ ಬಿಡದೆ. ಅವನು ಸಿಟ್ಟಾಗಿ ಏನನ್ನಾದರೂ ಎತ್ತಿ ಎಸೆದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಎಸೆಯಲಿಲ್ಲ. ಬೋಳಿಸಿದ ಗಲ್ಲವನ್ನು ಒಮ್ಮೆ ಸವರಿಕೊಂಡು ಟೈಪ್ ಮಾಡಿದ.

"ನಾನು ಹೇಗೆ ಮಾತಾಡ್ತಿದ್ದೆ? ಒಂದ್ಸಲ ಮಾಡಿ ತೋರಿಸು," ಎಂದ ಯಂತ್ರದೊಳಗಿನ ಆ ಹುಡುಗ.

ನಂಟರಿಷ್ಟರ ಮುಂದೆ ಗಂಡನನ್ನು ಅಣಕಿಸಿ ಎಷ್ಟು ಸಲ ನಗಿಸಿದ್ದಳೋ. ಎದ್ದು ನಿಂತಳು. ಸೊಂಟಕ್ಕೆ ಕೈಕೊಟ್ಟು, ಗಂಟಲು ದಪ್ಪ ಮಾಡಿ, "ಬರ್ರಪ್ಪಾ ಬರ್ರೀ, ಯಾರದು ಮೇಲಿನ ಮಾತು!" ಎಂದು ಹರಾಜು ಕೂಗಿದಳು. ಅವನು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದ. ಅಲ್ಲ. ಇನ್ನಷ್ಟು ಒರಟು ಮಾಡಿ ಕೂಗಿದಳು. ಅಲ್ಲ.

"ಇನ್ನೂ ಸ್ವಲ್ಪ ಕೆಳಗೆ," ಎಂದಿತು ನಯವಾದ ದನಿ.

ಮೂರನೆಯ ಸಲ ಉಸಿರೆಳೆದುಕೊಂಡು, ಅವನ ದನಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಲು ನೋಡಿದಳು. ಕಿವಿಯೊಳಗೆ ಆ ಹುಡುಗನೇ ಮಾತಾಡುತ್ತಿದ್ದ. ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ. ಅವಳು ತೆರೆದ ಬಾಯಿಯಲ್ಲಿ ಹಾಗೆಯೇ ನಿಂತಿದ್ದಳು.