ದಣಿದ ಕಣಗಳ ಚೀಟಿ

ಆರು ತಿಂಗಳ ಮಾತ್ರೆ ಮುಗಿಸಿದ ಕಾಜಾ ಅಕ್ಕ ಅಂದು ಬೀದಿಯಲ್ಲಿ ನಡೆಯಲಿಲ್ಲ, ತೇಲಿದಳು. ಶ್ವಾಸಕೋಶದ ಕ್ಷಯ ವಾಸಿಯಾಗಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಬರೆದ ಚೀಟಿ ಬ್ಯಾಗಿನಲ್ಲಿತ್ತು. ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕುವ ಮಿಷನ್ನು ಅವಳಿಗೆ ಮರಳಿ ಸಿಗಬೇಕಾದರೆ ಆ ಚೀಟಿಯೊಂದೇ ಆಧಾರ.

ಜೊತೆಗೆ ಇನ್ನೆರಡು ಹಾಳೆಗಳಿದ್ದವು. ಕ್ಷಯದವರ ರಕ್ತದ ಮೇಲೆ ಅಧ್ಯಯನ ನಡೆಸುತ್ತಿದ್ದ ಲ್ಯಾಬಿನವಳು ಮಾತ್ರೆ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅವಳ ರಕ್ತ ತೆಗೆದು ಪರೀಕ್ಷಿಸಿದ್ದಳು. ಎರಡೂ ಫಲಿತಾಂಶಗಳ ಹಾಳೆ ಕೊಡುವಾಗ ಹೇಳಿದ್ದಳು:

"ರಕ್ತದಲ್ಲಿ ಕಾವಲು ಕಣಗಳಿರ್ತವೆ ಅಕ್ಕ. ರೋಗಾಣು ತಿಂಗಳುಗಟ್ಟಲೆ ಬಿಡದೆ ಕಾಡಿದ್ರೆ ಅವು ದಣಿದುಬಿಡ್ತವೆ. ಶತ್ರು ಎದುರಿಗಿದ್ರೂ ಕೈ ಎತ್ತಲ್ಲ."

"ಒಳಗೂ ಓವರ್‌ಟೈಮಾ? ಪಾಪ, ಅವಕ್ಕೂ ನಮ್ಮ ಸೂಪರ್‌ವೈಸರೇ ಇರಬೇಕು."

ಲ್ಯಾಬಿನವಳು ನಗುತ್ತಲೇ ಹಾಳೆಗಳನ್ನು ಅವಳ ಕೈಗಿಟ್ಟಳು. "ಈಗ ಸುಮಾರು ಚೇತರಿಸಿಕೊಂಡಿವೆ. ಆದ್ರೆ ಈ ಹಾಳೆಗಳು ನಮ್ಮ ಅಧ್ಯಯನದವು. ಕೆಲಸಕ್ಕೆ ಡಾಕ್ಟರ ಚೀಟೀನೇ ಕೊಡಿ."

ಆದರೆ ಖುಷಿಯಲ್ಲಿ ಕೈಗೆ ಕಣ್ಣಿರುತ್ತದೆಯೇ? ಕಾರ್ಖಾನೆಯ ಹಾಲ್‌ನಲ್ಲಿ ಸೂಪರ್‌ವೈಸರಿಗೆ ಅವಳು ಚಾಚಿದ್ದು ಮೊದಲ ಸಲದ ರಕ್ತದ ಹಾಳೆ. ಹೆಂಗಸರು ಹೊರಗೆ ನೋಡಿದರೆ ಹೊಲಿಗೆ ನಿಂತೀತೆಂದು ಕಿಟಕಿಗಳಿಗೆಲ್ಲ ಹಲಗೆ ಹೊಡೆಸಿದ ಮಹಾಶಯ ಅವನು. ಆ ಮುಚ್ಚಿದ ಹಾಲ್‌ನಲ್ಲಿ ಅವಳಿಗಿಂತ ಮುಂಚೆ ಇಬ್ಬರು ಕೆಮ್ಮಿ ಕೆಮ್ಮಿ ಮನೆ ಸೇರಿದ್ದರು.

"ಕಾವಲು ಕಣಗಳು ದಣಿದಿವೆ," ಎಂದು ಅವನು ಗಟ್ಟಿಯಾಗಿ ಓದಿದ. "ಲ್ಯಾಬೇ ಬರೆದಿದೆಯಲ್ಲಮ್ಮ. ಹೋಗಿ ಮಲಗು. ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

ಕಾಜಾ ಅಕ್ಕ ಬಗ್ಗಿ ಹಾಳೆಯ ಮೇಲಿನ ತಾರೀಕು ನೋಡಿದಳು. ಮರುಕ್ಷಣವೇ ಹೊಟ್ಟೆಯಾಳದಿಂದ ನಗು ಗುಳುಗುಳು ಎದ್ದಿತು. ಬ್ಯಾಗಿನಿಂದ ಎರಡನೇ ಹಾಳೆ ತೆಗೆದು ಅವನ ಮುಂದೆ ಹಿಡಿದಳು.

"ಅದು ಹಳೇದು ಸಾರ್. ಇಲ್ಲಿ ಕೂತು ಹೊಲೀತಿದ್ದಾಗಿನ ರಕ್ತ. ಇದು ಮನೇಲಿ ಕಿಟಕಿ ತೆಗೆದಿಟ್ಟು ಆರು ತಿಂಗಳು ಮಾತ್ರೆ ನುಂಗಿದ ರಕ್ತ. ಇದನ್ನೂ ಅಷ್ಟೇ ಗಟ್ಟಿಯಾಗಿ ಓದಿ."

"ಚೇತರಿಸಿಕೊಂಡಿವೆ," ಎಂದು ಅವನು ಮೆಲ್ಲಗೆ ಓದಿದ.

ಗುಂಡಿ ಹಚ್ಚುವ ಚಿಕ್ಕಮ್ಮ ಮಿಷನ್ನು ನಿಲ್ಲಿಸಿದಳು. "ನನ್ನ ಕಣಗಳೂ ದಣಿದಿವೆ ಸಾರ್. ನಂಗೂ ಒಂದು ಚೀಟಿ ಬರೆಸಿಕೊಡಿ."

"ನನ್ನವಂತೂ ಮೊನ್ನೆಯಿಂದ ಮುಷ್ಕರ ಹೂಡಿವೆ," ಎಂದಳು ಕಾಲರ್ ಹೊಲಿಯುವವಳು.

ಒಂದೊಂದಾಗಿ ಮಿಷನ್ನುಗಳು ನಿಂತವು. ನಗು ಸಾಲಿನಿಂದ ಸಾಲಿಗೆ ಹಾರಿತು. ಕೆಮ್ಮಿಗಿಂತ ಬೇಗ ಹರಡಿತು.

ಕಾಜಾ ಅಕ್ಕ ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಸವರಿಟ್ಟಳು. "ಅಸಲಿ ಚೀಟಿ ಇದು. ನನ್ನಿಂದ ಯಾರಿಗೂ ಹರಡಲ್ಲ. ಆದ್ರೆ ಮುಚ್ಚಿದ ಗಾಳೀಲಿ ಹರಡುತ್ತೆ ಅಂತ ಆಸ್ಪತ್ರೆ ಗೋಡೆ ಮೇಲೇ ಬರೆದಿದ್ದಾರೆ. ನಂಗೆ ನನ್ನ ಮಿಷನ್ ಬೇಕು, ಮಿಷನ್ನಿಗೆ ಕಿಟಕಿ ಬೇಕು."

ಸಂಜೆಯೊಳಗೆ ಲಾರಿ ಹತ್ತಬೇಕಿದ್ದ ಅಂಗಿಗಳು ಕಾಜಾ ಇಲ್ಲದೆ ರಾಶಿ ಬಿದ್ದಿದ್ದವು. ಸೂಪರ್‌ವೈಸರ್ ರಾಶಿಯನ್ನು ನೋಡಿದ, ನಿಂತ ಮಿಷನ್ನುಗಳನ್ನು ನೋಡಿದ.

"ಸುತ್ತಿಗೆ ಯಾರ ಹತ್ರ ಇದೆ?"

ಗುಂಡಿ ಚಿಕ್ಕಮ್ಮನ ಮೇಜಿನ ಕೆಳಗೆ ಅದು ಕಿಟಕಿ ಮುಚ್ಚಿದಂದಿನಿಂದ ಮೂರು ವರ್ಷ ಕಾಯುತ್ತಿತ್ತು.

ಮೊದಲ ಹಲಗೆ ಬಿದ್ದದ್ದೇ ತಡ, ಗಾಳಿ ನುಗ್ಗಿ ಕಾಲರುಗಳನ್ನೆಲ್ಲ ಹಾರಿಸಿತು. ಕಾಜಾ ಅಕ್ಕ ತನ್ನ ಜಾಗದಲ್ಲಿ ಕುಳಿತು ಪೆಡಲ್ ಒತ್ತಿದಳು. ನಗುವಿನ ಭರದಲ್ಲಿ ಮೊದಲ ಕಾಜಾ ಸೊಟ್ಟಗಾಯಿತು. ಅವಳು ಅದನ್ನು ಬಿಚ್ಚಲಿಲ್ಲ.