ಮೊದಲು ಇಳಿಯುವವರು

ನಕಾಶೆಯಲ್ಲಿ ಆ ಊರಿಗೆ ಬೇರೆ ಹೆಸರಿದೆ. ಸರಕಾರಿ ಬೋರ್ಡಿನ ಮೇಲೆ ಇನ್ನೂ ಉದ್ದದ ಹೆಸರಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ ಕೂಲಿಗಳಿಗೆ ಅದು ಮೊದಲಿನಿಂದಲೂ ಎಣ್ಣಿಯೂರು. ಕರಾವಳಿಯಲ್ಲಿ ಗೇರು ಗುಡ್ಡಗಳನ್ನು ಬೋಳಿಸಿ ಕಚ್ಚಾ ಎಣ್ಣೆ ಶುದ್ಧ ಮಾಡುವ ಕಾರ್ಖಾನೆ ಕಟ್ಟಿದರಲ್ಲ, ಅದರ ಸುತ್ತ ಬೆಳೆದ ಊರು. ಅದರ ಚರಿತ್ರೆ ಬರೆದವರಿಗೇನೂ ಬರಗಾಲವಿಲ್ಲ. ಅಡಿಗಲ್ಲು ಇಟ್ಟವರು ಯಾರು, ರಿಬ್ಬನ್ನು ಕತ್ತರಿಸಿದವರು ಯಾರು, ಎಲ್ಲವೂ ದಪ್ಪ ಪುಸ್ತಕಗಳಲ್ಲಿ ಬಣ್ಣದ ಫೋಟೋ ಸಮೇತ ಇದೆ. ಆ ಅಡಿಗಲ್ಲಿಗೆ ಗುಂಡಿ ತೋಡಿದವರು ಯಾರು ಎಂದು ಕೇಳಿದರೆ ಮಾತ್ರ ಪುಸ್ತಕ ಬಾಯಿ ಬಿಡುವುದಿಲ್ಲ.

ಅದನ್ನು ಕೇಳಬೇಕೆಂದರೆ ಇಂಡಿಯ ಅಂಚಿನಲ್ಲಿರುವ ಗುರಪ್ಪನ ಅಂಗಳಕ್ಕೆ ಬರಬೇಕು. ಗುರಪ್ಪ ಮುಕಾದಮ. ಊರೂರು ತಿರುಗಿ ಆಳುಗಳನ್ನು ಕೂಡಿಸಿ, ಎಣ್ಣಿಯೂರಿಗೆ ಕರೆದೊಯ್ದು, ಕೆಲಸ ಮಾಡಿಸಿ ತಿರುಗಿ ಮನೆ ಮುಟ್ಟಿಸುವವನು. ಅವನು ಮೊದಲ ಗ್ಯಾಂಗು ಕಟ್ಟಿಕೊಂಡು ಹೋದಾಗ ಅಲ್ಲಿ ಇದ್ದದ್ದು ಮೀನು ಒಣಗಿಸುವ ಮರಳು, ಗೇರು ಮರ, ಒಂದು ಚಹಾದಂಗಡಿ. ಗುಡ್ಡದ ಮೇಲಿನ ಮನೆ ಕಳೆದುಕೊಂಡ ಅಲ್ಲಿನ ಜನ ಇವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಮನೆ ಕೆಡವಿಸಿದವರು ಕಾರಿನಲ್ಲಿ ಹೋಗಿಬಿಟ್ಟಿದ್ದರು, ಕೆಡವಿದ ಪಿಕಾಸಿ ಇವರ ಕೈಯಲ್ಲಿತ್ತು. ಸಿಟ್ಟು ಇನ್ಯಾರ ಮೇಲೆ ಬರಬೇಕು?

ಮರುಬಾರಿ ಹೋದಾಗ ಗುಡ್ಡ ಇರಲಿಲ್ಲ. ಆಮೇಲೆ ಮನೆಯಷ್ಟು ದಪ್ಪದ, ಆಮೇಲೆ ಊರಷ್ಟು ದಪ್ಪದ ಟ್ಯಾಂಕುಗಳು ಎದ್ದವು. ಚಿಮಣಿ ಎದ್ದಿತು, ಅದರ ತುದಿಯಲ್ಲಿ ಹಗಲೂ ರಾತ್ರಿ ಬೆಂಕಿ. ಇಂಜಿನಿಯರುಗಳ ಕಾಲೊನಿ, ಅವರ ಮಕ್ಕಳಿಗೆ ಸಾಲೆ, ಸಾಲೆಗೆ ಬಸ್ಸು, ಬಸ್ಸಿಗೆ ಡಾಂಬರು ರಸ್ತೆ. ಕೂಲಿಗಳ ತಗಡಿನ ಶೆಡ್ಡುಗಳ ಎದುರು ನಾಲತವಾಡದ ಹಜರಾಬಿ ಜೋಳದ ರೊಟ್ಟಿ ಬಡಿದು ಮಾರತೊಡಗಿದಳು. ಕುಚ್ಚಲಕ್ಕಿ ಅನ್ನ ನುಂಗಲಾರದೆ ಒದ್ದಾಡುತ್ತಿದ್ದ ಗಂಡಸರು ಆಕೆಯ ಅಂಗಡಿ ಕಂಡು ಕಣ್ಣೀರು ಹಾಕಿದ್ದು ಸುಳ್ಳಲ್ಲ. ಈಗ ಆ ಶೆಡ್ಡುಗಳ ಜಾಗದಲ್ಲಿ ಲಿಫ್ಟು ಇರುವ ಕಟ್ಟಡಗಳಿವೆ. ಗುರಪ್ಪನ ಮನೆಯಲ್ಲಿ ವಯಸ್ಸನ್ನೂ ಟ್ಯಾಂಕಿನ ಲೆಕ್ಕದಲ್ಲೇ ಹೇಳುತ್ತಾರೆ. ಮಗಳು ಸಂಘಮಿತ್ರಾ ಮೂರನೇ ಟ್ಯಾಂಕಿನ ತಳ ಹಾಕುವಾಗ ಶೆಡ್ಡಿನಲ್ಲೇ ಹುಟ್ಟಿದವಳು.

ಈ ಕಥೆ ಅವಳದು. ಎಣ್ಣಿಯೂರಿನಲ್ಲೇ ಡಿಪ್ಲೊಮಾ ಓದಿ, ಅಲ್ಲಿಯ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೂಲಿಗಳ ಸುರಕ್ಷೆ ನೋಡಿಕೊಳ್ಳುವ ಕೆಲಸಕ್ಕೆ ಇದ್ದಳು. ಹೆಸರಿಗೆ ಸುರಕ್ಷೆ, ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಆಳುಗಳು ತಮ್ಮ ಮುಕಾದಮನ ಮಾತು ಕೇಳುತ್ತಾರೆ, ಹೆಲ್ಮೆಟ್ಟು ಹಾಕಿದ ಹುಡುಗಿಯ ಮಾತನ್ನಲ್ಲ. ಹಾಗಾದರೆ ನಾನೇ ಮುಕಾದಮಳಾಗುತ್ತೇನೆ ಎಂದು ಅವಳು ಗಟ್ಟಿ ಮಾಡಿಕೊಂಡಳು. ಕೆಲವು ವರ್ಷಗಳಿಗೊಮ್ಮೆ ಕಾರ್ಖಾನೆಯನ್ನು ನಿಲ್ಲಿಸಿ ಟ್ಯಾಂಕು ತೊಳೆಯುವ ಕೆಲಸ ಬರುತ್ತದೆ. ಈ ಸಲ ಅದಕ್ಕೆ ಗ್ಯಾಂಗು ತರುವುದನ್ನು ತಾನೇ ಒಪ್ಪಿಕೊಂಡು ಊರಿಗೆ ಬಂದಳು. ಸೋಮವಾರ ಬಸ್ಸು. ಆಳು ಸಿಗದಿದ್ದರೆ ಕೆಲಸ ಬೇರೆ ಮುಕಾದಮನ ಪಾಲು, ಅವಳ ಮಾತು ಮತ್ತೆ ಗಾಳಿಯ ಪಾಲು.

ಗುರಪ್ಪನ ಅಂಗಳದಲ್ಲಿ ಮಂದಿ ಕೂಡಿದರು. ಎಲ್ಲರ ಪರವಾಗಿ ಮಾತಾಡಿದವನು ಇಸ್ಮಾಯಿಲ. ಗುರಪ್ಪನ ಹಳೆಯ ಆಳು, ಟ್ಯಾಂಕಿನ ರಾಡಿಯಲ್ಲೇ ಮೀಸೆ ಬಲಿತವನು.

"ತಂಗೀ, ನೀ ಕರದ್ರ ಬರಾಕ ನಮಗೇನೂ ಅಡ್ಡಿ ಇಲ್ಲ. ಒಂದ ಮಾತು ಹೇಳು. ಮೊದಲ ಇಳಿಯೋರು ಯಾರು?"

ಇದು ಗುರಪ್ಪನ ಕಾಯಿದೆ. ಖಾಲಿ ಟ್ಯಾಂಕಿನೊಳಗೆ ಗ್ಯಾಂಗು ಇಳಿಯುವ ಮೊದಲು ಮುಕಾದಮ ಒಬ್ಬನೇ ಇಳಿಯಬೇಕು. ವಿಷಗಾಳಿ ಇದೆಯೋ ಇಲ್ಲವೋ ಎಂದು ಮೂಗಿನಿಂದ ನೋಡಿ "ಬರ್ರಿ" ಎಂದರೆ ಮಾತ್ರ ಉಳಿದವರು. ತನ್ನ ಜೀವ ಮೊದಲು ಒಡ್ಡುವವನನ್ನು ಯಾರು ತಾನೇ ನಂಬುವುದಿಲ್ಲ? ಇಪ್ಪತ್ತು ಹಳ್ಳಿಯ ಜನ ಗುರಪ್ಪನ ಹಿಂದೆ ಬಂದದ್ದು ಇದೇ ಕಾರಣಕ್ಕೆ.

"ಯಾರೂ ಇಳಿಯಂಗಿಲ್ಲ," ಎಂದಳು ಸಂಘಮಿತ್ರಾ. ಚೀಲದಿಂದ ಅಂಗೈಯಗಲದ ಹಳದಿ ಡಬ್ಬಿ ತೆಗೆದಳು. ಗಾಳಿ ಅಳೆಯುವ ಯಂತ್ರ, ತನ್ನ ಪಗಾರದಲ್ಲೇ ಕೊಂಡದ್ದು. "ಮೊದಲ ಇದು ಇಳೀತೈತಿ. ಇದು ಒದರಿದ್ರ ಮುಕಾದಮನೂ ಇಲ್ಲ, ಆಳೂ ಇಲ್ಲ. ಎಲ್ಲಾರೂ ಹೊರಗ."

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. "ಅದು ಬೀಡಿ ಹಚ್ಚಿದ್ರೂ ಒದರತೈತಿ ತಂಗಿ," ಎಂದ ಇಸ್ಮಾಯಿಲ. "ನಿಮ್ಮಪ್ಪ ಒಂದ ದಿನಾನೂ ಡಬ್ಬಿ ಹಿಡಿಲಿಲ್ಲ. ನಿಮ್ಮ ಕಾಕಾನೂ ಹಿಡಿಲಿಲ್ಲ."

ಕಾಕಾ ಎಂದ ಕೂಡಲೆ ಗುರಪ್ಪ ಎದ್ದು ಒಳಗೆ ಹೋದ. ಪಡಸಾಲೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋಗಳ ಕೆಳಗೆ ಅನಿಲಕುಮಾರನ ಫೋಟೋ ಇದೆ. ಗುರಪ್ಪನ ತಮ್ಮ. ಒಂದು ಸಲ ಗುರಪ್ಪ ಜ್ವರದಿಂದ ಶೆಡ್ಡಿನಲ್ಲಿ ಮಲಗಿದ್ದಾಗ, ಅಣ್ಣನ ಬದಲು ತಾನು ಮುಕಾದಮ ಎಂದು ಅನಿಲಕುಮಾರ ಮೊದಲು ಇಳಿದ. ಊಟದ ನಂತರ ಕಾರ್ಖಾನೆಯವರು ಬಂದು ಗಾಳಿಯನ್ನು ಇನ್ನೊಮ್ಮೆ ಅಳೆಯಬೇಕಿತ್ತು, ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಒಳಗಿನಿಂದ "ಬರ್ರಿ" ಎಂಬ ಮಾತು ಬರಲೇ ಇಲ್ಲ.

ಅಂದಿನಿಂದ ಪ್ರತಿ ಗ್ಯಾಂಗು ಹೊರಡುವಾಗಲೂ ಗುರಪ್ಪ ಬಸ್ಸಿನ ಮುಂದೆ ನಿಂತು ತಮ್ಮನ ಕಥೆ ಹೇಳುತ್ತಿದ್ದ. ಅಂವ ಮುಕಾದಮನಂಗ ಹೋದ, ಹಿಂದ ಸರೀಲಿಲ್ಲ, ಎಂದು. ಕೇಳಿದವರ ಎದೆ ಉಬ್ಬುತ್ತಿತ್ತು. ಸಂಘಮಿತ್ರಾಳಿಗೆ ಮಾತ್ರ ಸಿಟ್ಟು ಬರುತ್ತಿತ್ತು. ತನ್ನನ್ನು ಹೆಗಲ ಮೇಲೆ ಹೊತ್ತು ಸಮುದ್ರ ತೋರಿಸಿದ ಕಾಕಾ ಅದು. ಅವನ ಸಾವನ್ನು ಕಾಯಿದೆ ಮಾಡಿ ಇಟ್ಟಿದ್ದಾರಲ್ಲ, ಅದೇ ಸಾವನ್ನು ಇನ್ನೊಬ್ಬರಿಗೆ ಹಂಚಲು!

ಮಂದಿ ಚದುರಿದರು. ಬರುತ್ತೇನೆ ಎಂದವರಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ತಾಯಿ ಸೀತವ್ವ ಚಹಾದ ಕಪ್ಪುಗಳನ್ನು ಎತ್ತುತ್ತ, "ನಿಮ್ಮಪ್ಪನ ಸಿಟ್ಟಿಗೆ ಅಂಜಿ ಹಟ ಬಿಡಬ್ಯಾಡ. ಅಂವಗ ನೀ ಎದುರು ಮಾತಾಡಿದ್ದಕ್ಕ ಸಿಟ್ಟಲ್ಲ. ನೀ ಹೇಳೂದು ಖರೇ ಅಂದ್ರ ತಮ್ಮ ಸುಮ್ಮಸುಮ್ಮನ ಸತ್ತಂಗಾತು. ಅದು ಅಂವಗ ತಡಕೊಳ್ಳಾಕ ಆಗೂದಿಲ್ಲ," ಎಂದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಗುರಪ್ಪ ಸುಮ್ಮನೆ ಕೂಡುವ ಆಸಾಮಿಯಲ್ಲ. ಯಾರ ಮಾತಿಗೆ ಗ್ಯಾಂಗು ಇಳಿಯುತ್ತದೆಂದು ತೋರಿಸಿಯೇ ಬಿಡಬೇಕೆಂದು, ಮರುದಿನವೇ ಒಂದು ಕೆಲಸ ಹಿಡಿದು ಅದೇ ಮಂದಿಯನ್ನು ಕರೆದ. ಊರ ಹೊರಗೆ ಸಂಕರ್ಷಣರಾಯರ ಲಿಂಬೆ ತೋಟದಲ್ಲಿ ಹಳೆಯ ಬಾವಿ. ಹೋದ ವರ್ಷ ಲಿಂಬೆಯ ಧಾರಣೆ ನೆಲ ಕಚ್ಚಿದಾಗ, ಪೇಟೆಗೆ ಒಯ್ಯುವ ಬಾಡಿಗೆಯೂ ಹುಟ್ಟುವುದಿಲ್ಲವೆಂದು ರಾಯರು ಹಣ್ಣನ್ನೆಲ್ಲ ಅದಕ್ಕೆ ಸುರಿಸಿ ಮೇಲೆ ತಗಡು ಮುಚ್ಚಿಸಿದ್ದರು. ಈಗ ನೀರು ಬೇಕಾಗಿತ್ತು. ಬಾವಿಯ ರಾಡಿ ತೆಗೆಯಬೇಕಿತ್ತು.

ಯಾರೂ ಕರೆಯದಿದ್ದರೂ ಸಂಘಮಿತ್ರಾ ಹೋದಳು. ತಗಡು ಸರಿಸಿದ್ದರು. ಗುರಪ್ಪ ಆಗಲೇ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಅರವತ್ತು ದಾಟಿದ ಮೈ, ಆದರೂ ಹಗ್ಗ ಕಟ್ಟುವಾಗ ಅವನ ಬೆನ್ನು ನೆಟ್ಟಗಾಗುತ್ತದೆ. ಅವಳು ಮಾತಾಡದೆ ಡಬ್ಬಿಗೆ ದಾರ ಕಟ್ಟಿ ಬಾವಿಗೆ ಬಿಟ್ಟಳು. ಸ್ವಲ್ಪ ಕೆಳಗೆ ಹೋದದ್ದೇ ತಡ, ಅದು ಚೀರತೊಡಗಿತು. ಅವಳು ಮೇಲೆಳೆದು ಅಂಕಿ ನೋಡಿದಳು.

"ಲಿಂಬಿಹಣ್ಣು ಕೊಳತ್ರ ಮನಷ್ಯಾ ಸಾಯ್ತಾನೇನ?" ಇಸ್ಮಾಯಿಲ ನಕ್ಕ. "ಉಪ್ಪಿನಕಾಯಿ ಬರಣಿ ತಗದಂಗ ವಾಸನಿ ಬರಾಕತ್ತೈತಿ, ಅಷ್ಟ."

"ಅಪ್ಪಾ, ಹಗ್ಗ ಬಿಚ್ಚು."

"ಸರಿ ಅತ್ಲಾಗ."

"ಸರಿಯಂಗಿಲ್ಲ," ಎಂದು ಅವಳು ಕಟ್ಟೆ ಹತ್ತಿ ರಾಟೆಯ ಕೆಳಗೆ ಅಡ್ಡ ನಿಂತಳು. "ಒಳಗ ಹೊತ್ತಿಕೊಳ್ಳೋ ಗಾಳಿ ಇಲ್ಲ. ಉಸರಾಡೋ ಗಾಳೀನೂ ಇಲ್ಲ. ಹಣ್ಣು ಕೊಳತು ಎಲ್ಲಾ ನುಂಗೇತಿ. ಡಬ್ಬಿ ನಂಬಂಗಿಲ್ಲ ಅಂದ್ರ ಒಂದು ಮೇಣಬತ್ತಿ ತರ್ರಿ. ಎಣ್ಣಿ ಟ್ಯಾಂಕಿನ್ಯಾಗ ಹಿಂಗ ಮಾಡಿದ್ರ ಊರಿಗೂರ ಹಾರತೈತಿ, ಇಲ್ಲಿ ನಡೀತೈತಿ."

ರಾಯರ ಮನೆಯಿಂದ ಮೇಣಬತ್ತಿ ಬಂತು. ಬಕೆಟ್ಟಿನ ತಳಕ್ಕೆ ನಿಲ್ಲಿಸಿ, ಹಚ್ಚಿ, ಮೆಲ್ಲಗೆ ಇಳಿಬಿಟ್ಟರು. ಎರಡಾಳುದ್ದ ಹೋಗುವಷ್ಟರಲ್ಲಿ, ಯಾರೋ ಬೆರಳಿನಿಂದ ಚಿವುಟಿದ ಹಾಗೆ ಕುಡಿ ಆರಿತು. ಗಾಳಿಗೆ ಆರಿರಬೇಕು ಎಂದರು ಒಬ್ಬರು. ಬಾವಿಯೊಳಗೆ ಎಲ್ಲಿಯ ಗಾಳಿ? ಇಸ್ಮಾಯಿಲ ತಾನೇ ಮತ್ತೆ ಹಚ್ಚಿ, ತಾನೇ ಹಗ್ಗ ಹಿಡಿದು ಬಿಟ್ಟ. ಅದೇ ಜಾಗಕ್ಕೆ ಹೋಗಿ ಮತ್ತೆ ಆರಿತು.

ಇಸ್ಮಾಯಿಲ ಬಗ್ಗಿ ಕತ್ತಲೆಯನ್ನು ನೋಡಿದ. ಗುರಪ್ಪನ ನಂತರ ಇಳಿಯಬೇಕಾದವನು ಅವನೇ. "ಮುಕಾದಮ್ರ, ಹಗ್ಗ ಬಿಚ್ಚತೇನಿ," ಎಂದು ಸೊಂಟಕ್ಕೆ ಕೈ ಹಾಕಿದ. ಗುರಪ್ಪ ಆ ಕೈಯನ್ನು ತಳ್ಳಿ, ಗಂಟನ್ನು ತಾನೇ ಬಿಚ್ಚಿದ.

ಅಷ್ಟರಲ್ಲಿ ಸಂಕರ್ಷಣರಾಯರು ಧೋತರ ಎತ್ತಿ ಹಿಡಿದು ಬಂದರು. "ಏನಪಾ ಗುರಪ್ಪಾ, ಇನ್ನೂ ಕಟ್ಟೀ ಮ್ಯಾಲೇ ಇದ್ದೀರಿ? ಮೋಟರ್ ಹಚ್ಚವರು ನಾಳೆ ಬರ್ಲಿಕ್ಕೆ ಹತ್ಯಾರ. ಯಾರನ್ನರೆ ಒಬ್ಬನ್ನ ಇಳಸು, ಲಗೂ ಕೆಲಸಾ ಆಗ್ಲಿ."

"ನನ್ನ ಕೇಳಬ್ಯಾಡ್ರಿ ರಾಯರ. ಮುಕಾದಮ ಅಲ್ಲಿ ನಿಂತಾಳ, ಆಕೀನ್ನ ಕೇಳ್ರಿ."

ರಾಯರು ಸುತ್ತ ಕಣ್ಣಾಡಿಸಿದರು. ಗಂಡಸರೆಲ್ಲ ಒಂದೇ ಕಡೆಗೆ ನೋಡುತ್ತಿದ್ದುದರಿಂದ ಅವರೂ ಅತ್ತ ನೋಡಲೇಬೇಕಾಯಿತು.

"ಇವತ್ತ ಯಾರೂ ಇಳಿಯಂಗಿಲ್ರಿ," ಎಂದಳು ಸಂಘಮಿತ್ರಾ. "ಗಾಳಿ ಊದೋ ಫ್ಯಾನು, ಉದ್ದನ ಪೈಪು ತರಸ್ರಿ. ತಳದ ಗಾಳಿ ಹೊರಗ ಹಾಕೋಣು. ಡಬ್ಬಿ ಸುಮ್ಮನಾದ ಮ್ಯಾಲ ನಮ್ಮ ಮಂದಿ ಇಳೀತಾರ."

ರಾಯರು ಗೊಣಗುತ್ತ ಫೋನು ತೆಗೆದರು. ನಮ್ಮ ಮಂದಿ ಎಂದಾಗ ಯಾರೂ ನಗಲಿಲ್ಲ. ಫ್ಯಾನು ಬರುವವರೆಗೆ ನೆರಳಿನಲ್ಲಿ ಕೂತಾಗ ಒಬ್ಬೊಬ್ಬರೇ ಅವಳ ಹತ್ತಿರ ಬಂದು, ಸೋಮವಾರದ ಬಸ್ಸು ಎಷ್ಟು ಹೊತ್ತಿಗೆ, ಹಾಸಿಗೆ ತರಬೇಕೋ ಅಲ್ಲೇ ಕೊಡುತ್ತಾರೋ ಎಂದು ಕೇಳಿಕೊಂಡು ಹೋದರು. ಇಸ್ಮಾಯಿಲ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಯಾವ ಅಂಕಿ ನೋಡಬೇಕೆಂದು ಎರಡು ಸಲ ಹೇಳಿಸಿಕೊಂಡ. ಗ್ಯಾಂಗು ಕೂಡಿತ್ತು. ಸಂಘಮಿತ್ರಾಳಿಗೆ ಕುಣಿಯಬೇಕೆನಿಸಿತು. ಆದರೆ ಅಪ್ಪ ದೂರದ ಲಿಂಬೆ ಗಿಡದ ಬುಡದಲ್ಲಿ ಒಬ್ಬನೇ ಕೂತಿದ್ದ.

ಅವಳು ಹೋಗಿ ಪಕ್ಕದಲ್ಲಿ ಕೂತಳು. ಗುರಪ್ಪ ಅವಳ ಮುಖ ನೋಡಲಿಲ್ಲ.

"ಆವತ್ತ ತಮ್ಮನ ಕಡೆ ಇದೊಂದು ಡಬ್ಬಿ ಇದ್ದಿದ್ರ," ಎಂದ. ನೆಲದ ಮೇಲಿನ ಒಣ ಎಲೆಯೊಂದನ್ನು ಎತ್ತಿ ಚೂರು ಮಾಡಿದ. "ಇದ್ದಿದ್ರ ಸಾಕಾಗತಿತ್ತೇನವಾ?"

ಇಲ್ಲ ಅಪ್ಪಾ, ಟ್ಯಾಂಕಿನ ಮಾತೇ ಬೇರೆ, ಎನ್ನಬಹುದಿತ್ತು. ಅಷ್ಟು ಅಂದಿದ್ದರೆ ಮುದುಕ ಇವತ್ತು ರಾತ್ರಿ ನಿದ್ದೆ ಮಾಡುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಪ್ಪನ ಮುಂದೆ ಇವತ್ತು ಸುಳ್ಳು ಹೇಳಿದರೆ ಸೋಮವಾರ ಗ್ಯಾಂಗಿನ ಮುಂದೆ ಯಾವ ಮುಖ ಹೊತ್ತು ಖರೆ ಹೇಳುವುದು? ಅವಳು ಅವನ ಕೈ ಹಿಡಿದುಕೊಂಡಳು.

"ಸಾಕಾಗತಿತ್ತಪ್ಪಾ."

ಗುರಪ್ಪ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಮ್ಮನ ಹೆಣ ತಂದ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಅವಳೂ ಅತ್ತಳು. ಬಾವಿಯ ಹತ್ತಿರ ಫ್ಯಾನು ಹೊತ್ತ ಟಂಟಂ ಗಾಡಿ ಬಂದು ನಿಂತು, ಮಂದಿ ಗದ್ದಲ ಮಾಡುತ್ತ ಇಳಿಸತೊಡಗಿದರು. ಗುರಪ್ಪ ಮುಖ ಒರೆಸಿಕೊಂಡು, ಮೊಣಕಾಲಿಗೆ ಕೈ ಊರಿ ಎದ್ದ.

"ಹಂಗಿದ್ರ ಡಬ್ಬಿ ಒಂದಲ್ಲ," ಎಂದ, "ಎರಡ ಒಯ್ಯಿ."